ಹೆಸರು ಕೇಳದ ಸ್ಕ್ರಿಪ್ಟ್

ಜಯನಗರದ ನಮ್ಮ ಆಫೀಸಿನಲ್ಲಿ ಒಂದು ತಪ್ಪನ್ನು ತಿದ್ದಬೇಕೆಂದರೆ ಐದು ಸಲ ತಿದ್ದಬೇಕಿತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನಾವು ಮಾಡುತ್ತಿದ್ದದ್ದು ಕಾರ್ಖಾನೆಗಳಿಗೆ ಬೇಕಾದ ಒಂದು ಪ್ರೋಗ್ರಾಂ. ತಯಾರಾದ ಬಿಡಿಭಾಗವನ್ನು ಅಳೆಯುವ ಯಂತ್ರದಿಂದ ಅಳತೆ ತೆಗೆದುಕೊಂಡು, ಇರಬೇಕಾದ್ದಕ್ಕಿಂತ ಎಷ್ಟು ಹೆಚ್ಚಿದೆ, ಎಷ್ಟು ಕಡಿಮೆಯಿದೆ ಎಂದು ಅದು ವರದಿ ಮುದ್ರಿಸುತ್ತಿತ್ತು. ಬರೆದದ್ದು ಸಿ ಭಾಷೆಯಲ್ಲಿ. ಒಂದು ಕಾರ್ಖಾನೆಯಲ್ಲಿ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್, ಉಳಿದ ಕಡೆ ಬೇರೆ ಬೇರೆ ಕಂಪನಿಗಳು ಮಾರಿದ್ದ ಬೇರೆ ಬೇರೆ ಯುನಿಕ್ಸ್. ಸಿ ಎಲ್ಲ ಕಡೆಯೂ ಓಡುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆವು. ಓಡುವುದೇನೋ ನಿಜ, ಆದರೆ ಒಂದು ಕಡೆ ಸಿದ್ಧವಾಗಿ ಸಿಗುವ ಫಂಕ್ಷನ್ ಇನ್ನೊಂದು ಕಡೆ ಇರುವುದಿಲ್ಲ, ಇದ್ದರೂ ಅದೇ ಥರ ನಡೆದುಕೊಳ್ಳುವುದಿಲ್ಲ. ಅದಕ್ಕೆ ನಮ್ಮವರು ಕಂಡುಕೊಂಡ ದಾರಿ ಸುಲಭದ್ದು. ಒಂದೊಂದು ಆಪರೇಟಿಂಗ್ ಸಿಸ್ಟಂಗೆ ಪ್ರೋಗ್ರಾಮಿನ ಒಂದೊಂದು ಪ್ರತಿ, ಒಂದೊಂದು ಪ್ರತಿಗೆ ಒಬ್ಬೊಬ್ಬ ಯಜಮಾನ.

ಯಜಮಾನ ಎಂಬುದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಒಬ್ಬರ ಫೋಲ್ಡರಿಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಒಬ್ಬ ಯಜಮಾನ ತಂಗಿಯ ಮದುವೆಗೆ ರಜೆ ಹಾಕಿದರೆ ಆ ಸಿಸ್ಟಂನ ಗ್ರಾಹಕರೆಲ್ಲ ಮದುವೆ ಮುಗಿಯುವವರೆಗೆ ಕಾಯಬೇಕು. ಆಯುಧಪೂಜೆಗೆ ತಮ್ಮ ತಮ್ಮ ಯಂತ್ರಕ್ಕೆ ತಾವೇ ಕುಂಕುಮ ಹಚ್ಚಬೇಕು, ಬೇರೆಯವರು ಹಚ್ಚಿದರೆ ಮುಖ ಊದಿಕೊಳ್ಳುತ್ತಿತ್ತು.

ಹೊಸಬಳಾದ ನನಗೆ ಸಿಕ್ಕಿದ್ದು ಹೊರುವ ಕೆಲಸ. ಯಾವ ಯಜಮಾನ ತನ್ನ ಪ್ರತಿಯಲ್ಲಿ ಏನು ತಿದ್ದಿದರೂ ಅದನ್ನು ಉಳಿದ ನಾಲ್ಕಕ್ಕೂ ಕೈಯಾರೆ ಸಾಗಿಸಬೇಕು. ಆಫೀಸಿನಲ್ಲಿ ಅದಕ್ಕೆ ‘ಹೊರೋದು’ ಎಂದೇ ಹೆಸರು. “ಇವತ್ತು ಎಷ್ಟು ಹೊತ್ತೆ?” ಎಂದು ಊಟದ ಹೊತ್ತಿಗೆ ವಿಚಾರಿಸಿಕೊಳ್ಳುತ್ತಿದ್ದರು. ನಾನು ಗದಗದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆಗೆ ಇದ್ದೆ. ನನ್ನ ಮಾತಿನ ಧಾಟಿಯನ್ನು ಅಣಕಿಸಿ “ಇವತ್ತು ಹೊರಂಗಿಲ್ಲೇನ್ರಿ?” ಎಂದು ನಗುತ್ತಿದ್ದರು. ಅಣಕಿಸಿಕೊಳ್ಳಲು ನನಗೇನೂ ಬೇಸರವಿರಲಿಲ್ಲ. ಹೊರಲು ಇತ್ತು.

ಒಂದು ದಿನ ಲಿನಕ್ಸ್ ಪ್ರತಿಯಲ್ಲಿ, ಅದರ ಯಜಮಾನನಿಗೆ ಹೇಳಿ, ಒಂದು ತಪ್ಪು ಹುಡುಕಿ ತಿದ್ದಿ, ಅದನ್ನು ಆಫೀಸಿನ ಮೂರು ಯುನಿಕ್ಸ್ ಯಂತ್ರಗಳಲ್ಲಿ ದೊಡ್ಡದರ ಪ್ರತಿಗೆ ಹೊತ್ತುಕೊಂಡು ಹೋದೆ. ಅಲ್ಲಿ ನೋಡಿದರೆ ಅದೇ ತಪ್ಪನ್ನು ಯಾರೋ ಎಂದೋ ತಿದ್ದಿಬಿಟ್ಟಿದ್ದರು. ತಿದ್ದಿದವರು, ಆ ಪ್ರತಿಯ ಹಿಂದಿನ ಯಜಮಾನರು, ಕೆಲಸ ಬಿಟ್ಟು ಹೋಗಿಯಾಗಿತ್ತು. ತಿದ್ದಿದ್ದು ಉಳಿದ ನಾಲ್ಕು ಪ್ರತಿಗಳಿಗೆ ಹೋಗಿರಲೇ ಇಲ್ಲ. ಅಷ್ಟು ಕಾಲವೂ ಆ ನಾಲ್ಕು ಸಿಸ್ಟಂಗಳ ಗ್ರಾಹಕರು ತಪ್ಪು ವರದಿಯನ್ನೇ ಮುದ್ರಿಸಿಕೊಂಡು, ಅದನ್ನೇ ನಂಬಿಕೊಂಡು ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ತಂಡದ ಮುಖ್ಯಸ್ಥರ ಹತ್ತಿರ ಹೋದೆ. ಅವರು ಬನಶಂಕರಿಯವರು, ಗರಿಗರಿ ಇಸ್ತ್ರಿಯ ಅಂಗಿ, ಎಲ್ಲರಿಗಿಂತ ಹಿರಿಯರು. ದೊಡ್ಡ ಯುನಿಕ್ಸ್ ಪ್ರತಿಗೆ ಈಗ ಅವರೇ ಯಜಮಾನರು. ನಮ್ಮ ಆಫೀಸಿನ ಪಕ್ಕದಲ್ಲೇ ಒಂದು ಮದುವೆ ಛತ್ರ. ಅವತ್ತು ಮುಹೂರ್ತವಿತ್ತು, ವಾಲಗದವರು ಜೋರಾಗಿದ್ದರು, ಹಾಗಾಗಿ ನಾವಿಬ್ಬರೂ ಕೂಗಿಕೊಂಡೇ ಮಾತಾಡಬೇಕಾಯಿತು.

“ಸರ, ಐದು ಯಾಕ್ ಬೇಕ್ರಿ? ಒಂದೇ ಇಟ್ರ ಆಗಂಗಿಲ್ಲೇನ್ರಿ?”

“ಒಂದೇ ಇಟ್ರೆ ಐದು ಕಡೆ ಹೇಗಮ್ಮ ಓಡುತ್ತೆ? ಒಂದೊಂದು ಸಿಸ್ಟಂ ಒಂದೊಂದು ಥರ.”

“ಯಾವ ಥರ ಅಂತ ಆ ಮಷೀನನ್ನ ಕೇಳೂದ್ರಿ.”

“ಓಹೋ. ಮಷೀನನ್ನ ಮಾತಾಡಿಸ್ತೀಯಾ?”

“ಹೌದ್ರಿ. ಈಗ ನಾಲ್ಕು ಮಂದಿ ಒಂದೇ ತಪ್ಪನ್ನ ಕಾಯ್ಕೊಂಡು ಕುಂತಾರ್ರಿ.”

ಆ ಕೊನೆಯ ಮಾತನ್ನು ಹೇಳುವಾಗ ವಾಲಗ ಥಟ್ಟನೆ ನಿಂತುಬಿಟ್ಟಿತು. ನನ್ನ ದನಿ ಇಡೀ ಮಹಡಿಗೆ ಕೇಳಿಸಿತು. ಯಜಮಾನರೆಲ್ಲ ತಿರುಗಿ ನೋಡಿದರು. ಕ್ಯಾಬಿನ್ನಿನ ಬಾಗಿಲು ತೆಗೆದು ಕಂಪನಿಯ ಮಾಲೀಕರೇ ಹೊರಗೆ ಬಂದು “ಏನಮ್ಮ ಅದು?” ಎಂದರು.

ಹೇಳಿದೆ. ನಾನು ಹೇಳಿದ್ದು ನನ್ನ ಸಂಶೋಧನೆಯೇನಲ್ಲ. ಉಚಿತವಾಗಿ ಸಿಗುತ್ತಿದ್ದ ಎಷ್ಟೋ ಪ್ರೋಗ್ರಾಂಗಳು ಆಗಲೇ ಹಾಗೆ ಬರುತ್ತಿದ್ದವು. ಪ್ರೋಗ್ರಾಂ ಕಂಪೈಲ್ ಮಾಡುವ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವ ಮೊದಲು, ಒಂದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಓಡಿಸುವುದು. ಅದು ನಾಲ್ಕೈದು ಸಾಲಿನ ಪುಟ್ಟ ಪುಟ್ಟ ಸಿ ಪ್ರೋಗ್ರಾಂಗಳನ್ನು ತಾನೇ ಬರೆದು ಆ ಯಂತ್ರದ ಕಂಪೈಲರಿಗೆ ಕೊಡುತ್ತದೆ. ಕಂಪೈಲ್ ಆದರೆ ಆ ಸೌಕರ್ಯ ಇದೆ, ಆಗದಿದ್ದರೆ ಇಲ್ಲ. ಎಲ್ಲ ಉತ್ತರಗಳನ್ನೂ ಒಂದು ಫೈಲಿನಲ್ಲಿ ಬರೆದಿಡುತ್ತದೆ. ನಮ್ಮ ಪ್ರೋಗ್ರಾಂ ಆ ಉತ್ತರಗಳನ್ನು ನೋಡಿಕೊಂಡು ಅಲ್ಲಿಗೆ ತಕ್ಕಂತೆ ತಯಾರಾಗುತ್ತದೆ. ಹಾಗಾದರೆ ಮೂಲ ಒಂದೇ ಇದ್ದರೆ ಸಾಕು, ತಿದ್ದಿದ್ದನ್ನು ಎಲ್ಲಿಗೂ ಹೊರಬೇಕಾಗಿಲ್ಲ.

ಮಾಲೀಕರು ಕೇಳಿಸಿಕೊಂಡರು. ಹುಳಿಮಾವಿನಿಂದ ಆಚೆ ಬನ್ನೇರುಘಟ್ಟ ರಸ್ತೆಯ ಒಂದು ಕಾರ್ಖಾನೆಯಿಂದ ಆಗಷ್ಟೇ ಆರ್ಡರ್ ಬಂದಿತ್ತು. ಅಲ್ಲಿದ್ದದ್ದು ಹೊರದೇಶದಿಂದ ತರಿಸಿದ ಹಳೆಯ ಯುನಿಕ್ಸ್ ಯಂತ್ರ, ನಮ್ಮ ಐದರಲ್ಲಿ ಯಾವುದೂ ಅಲ್ಲ. ನಮ್ಮ ಪದ್ಧತಿಯಂತೆ ಆದರೆ ಆರನೇ ಪ್ರತಿ ಹುಟ್ಟಬೇಕು, ಆರನೇ ಯಜಮಾನ ಬರಬೇಕು.

“ಆರನೇದು ಬೇಡ. ಈ ಒಂದು ಆರ್ಡರ್ ನಿನ್ನ ದಾರೀಲೇ ಕೊಡೋಣ. ಅವರು ಒಪ್ಕೊಂಡ್ರೆ ಐದನ್ನೂ ಸೇರಿಸಿ ಒಂದು ಮಾಡು. ಆಗ್ಲಿಲ್ಲ ಅಂದ್ರೆ ಈ ಮಾತು ಇನ್ಮೇಲೆ ಎತ್ತಬಾರ್ದು,” ಎಂದರು ಮಾಲೀಕರು.

“ಆಗ್ಲಿಲ್ಲ ಅಂದ್ರೆ ಆರಕ್ಕೂ ಇವ್ಳೇ ಹೊರ್ಲಿ ಸಾರ್,” ಎಂದರು ಮುಖ್ಯಸ್ಥರು ನಗುತ್ತ.

“ಆಗ್ಲಿಲ್ಲ ಅಂದ್ರ ನಾ ಇರಂಗಿಲ್ಲ್ರಿ,” ಎಂದೆ.

ನಾನಿನ್ನೂ ಪ್ರೊಬೇಷನ್‌ನಲ್ಲಿದ್ದವಳು, ಬೇರೆ ಕೆಲಸ ಕೈಯಲ್ಲಿರಲಿಲ್ಲ. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮೊದಲು ಐದು ಪ್ರತಿಗಳನ್ನು ಎದುರುಬದುರು ಇಟ್ಟು, ಎಲ್ಲಿ ವ್ಯತ್ಯಾಸ ಇದೆ ಎಂದು ಸಾಲು ಸಾಲಾಗಿ ನೋಡುತ್ತ ಹೋದೆ. ಪುಟಗಟ್ಟಲೆ ವ್ಯತ್ಯಾಸ. ಆದರೆ ಅದರಲ್ಲಿ ಬಹಳಷ್ಟು ಸಿಸ್ಟಂಗೆ ಸಂಬಂಧಪಟ್ಟದ್ದೇ ಅಲ್ಲ. ಒಬ್ಬರಿಗೆ ಜಾಗ ಬಿಟ್ಟು ಬರೆಯುವ ಅಭ್ಯಾಸ, ಒಬ್ಬರಿಗೆ ಒತ್ತಿ ಬರೆಯುವುದು. ಒಬ್ಬರು ವೇರಿಯಬಲ್‌ಗೆ ಮಗಳ ಹೆಸರಿಟ್ಟಿದ್ದರು. ನಿಜವಾಗಿ ಯಂತ್ರಕ್ಕೂ ಯಂತ್ರಕ್ಕೂ ಬೇರೆಯಾಗಲೇಬೇಕಾದ ಜಾಗಗಳನ್ನು ಆರಿಸಿದರೆ ಒಂದು ಮುಷ್ಟಿಯಷ್ಟು. ಇಷ್ಟಕ್ಕೆ ಐದು ಸಿಂಹಾಸನವೇ ಎಂದು ನಗು ಬಂತು.

ನಂತರ ಸ್ಕ್ರಿಪ್ಟ್. ಯುನಿಕ್ಸ್‌ಗಳಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಇರುತ್ತದೆ, ಸ್ಕ್ರಿಪ್ಟ್ ಓಡುವುದು ಅದರ ಮೇಲೆ. ವಿಂಡೋಸ್‌ಗೂ ಅಂಥದೊಂದು ಉಚಿತವಾಗಿ ಸಿಗುತ್ತಿತ್ತು, ಹಾಕಿಕೊಂಡೆ. ನನ್ನ ಮೇಜಿನ ಮೇಲಿದ್ದದ್ದು ವಿಂಡೋಸ್ ಯಂತ್ರ. ಅಲ್ಲಿ ಬರೆದು ಯುನಿಕ್ಸ್‌ಗೆ ಕಳಿಸಿ ಓಡಿಸಿದರೆ, ಕಣ್ಣೆದುರೇ ಇರುವ ಫೈಲನ್ನು ‘ಸಿಗಲಿಲ್ಲ’ ಅನ್ನುತ್ತಿತ್ತು. ಇಡೀ ಬೆಳಗ್ಗೆ ಅದರಲ್ಲೇ ಹೋಯಿತು. ವಿಂಡೋಸ್ ಒಂದೊಂದು ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ, ಯುನಿಕ್ಸ್ ಅದನ್ನೂ ಹೆಸರಿನ ಭಾಗವೆಂದು ಓದಿಕೊಂಡು ಹುಡುಕುತ್ತದೆ. ಆ ಅಕ್ಷರವನ್ನು ಕಿತ್ತು ಹಾಕುವ ಹೊತ್ತಿಗೆ ಮುಖ್ಯಸ್ಥರು ಎರಡು ಸಲ ಬಂದು “ಮಾತಾಡ್ತಾ ಮಷೀನು?” ಎಂದು ಕೇಳಿ ಹೋಗಿದ್ದರು.

ದೊಡ್ಡ ಯುನಿಕ್ಸ್ ಯಂತ್ರದ ಶೆಲ್ ಬಹಳ ಹಳೆಯದು. ಹೊಸ ರೀತಿಯ ಒಂದು ಸಾಲು ಬಂದರೂ ಅಲ್ಲೇ ಕೂತುಬಿಡುತ್ತಿತ್ತು. ಅಜ್ಜಿಯೂ ಮೊಮ್ಮಗುವೂ ಇಬ್ಬರೂ ಇರುವ ಮನೆಯಲ್ಲಿ ಇಬ್ಬರಿಗೂ ತಿಳಿಯುವಂತೆ ಮಾತಾಡಬೇಕಲ್ಲ, ಹಾಗೆ ಎಲ್ಲ ಶೆಲ್‌ಗಳಿಗೂ ತಿಳಿಯುವ ಹಳೆಯ ಮಾತುಗಳಲ್ಲೇ ಸ್ಕ್ರಿಪ್ಟನ್ನು ಪೂರ್ತಿ ಮತ್ತೆ ಬರೆದೆ. ಹಳೆಯ ಯಂತ್ರಗಳಲ್ಲಿ ಒಂದೊಂದು ಪ್ರಶ್ನೆಗೂ ಬಹಳ ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಒಮ್ಮೆ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಂಡು, ಎರಡನೇ ಸಲ ಓಡಿಸಿದಾಗ ಮತ್ತೆ ಕೇಳದೆ ಅದನ್ನೇ ಬಳಸುವ ಏರ್ಪಾಡು ಮಾಡಿದೆ.

ಇನ್ನೊಂದು ಪೆಟ್ಟು ಬಿದ್ದದ್ದು ಅಕ್ಷರಗಳನ್ನು ಇಷ್ಟೇ ಜಾಗದಲ್ಲಿ ಜೋಡಿಸು ಎಂದು ಹೇಳುವ ಒಂದು ಫಂಕ್ಷನ್ನಿನಿಂದ. ಎಲ್ಲ ಯಂತ್ರಗಳಲ್ಲೂ ಅದೇ ಹೆಸರಿನಲ್ಲಿ ಇತ್ತು. ಆದರೆ ಜಾಗ ಸಾಲದೆ ಹೋದರೆ ಒಂದು ಯಂತ್ರ ‘ಇಷ್ಟು ಬೇಕಿತ್ತು’ ಎಂದು ಹೇಳುತ್ತಿತ್ತು, ಇನ್ನೊಂದು ಬರೀ ‘ಆಗಲಿಲ್ಲ’ ಅನ್ನುತ್ತಿತ್ತು. ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಲದು, ಹೇಗೆ ನಡೆದುಕೊಳ್ಳುತ್ತದೆ ಎಂದೂ ಓಡಿಸಿ ನೋಡಬೇಕು ಎಂದು ಆಗ ಗೊತ್ತಾಯಿತು.

ಸ್ಕ್ರಿಪ್ಟ್ ಒಂದು ಹದಕ್ಕೆ ಬರುತ್ತಿದ್ದಂತೆ ಮುಖ್ಯಸ್ಥರು ಒಂದು ಷರತ್ತು ಹಾಕಿದರು.

“ಮೊದಲ ಸಾಲಲ್ಲೇ ಸಿಸ್ಟಂ ಹೆಸರು ಕೇಳು. ನಮಗೆ ಗೊತ್ತಿರೋ ಹೆಸರಾದ್ರೆ ಅದಕ್ಕೆ ಏನೇನು ಬೇಕೋ ನಾವೇ ಬರೆದಿಡೋಣ. ಗೊತ್ತಿಲ್ದೆ ಇದ್ರೆ ಅಲ್ಲೇ ನಿಲ್ಲಬೇಕು. ಗೊತ್ತಿಲ್ಲದ ಮಷೀನಿಗೆಲ್ಲ ಕೈ ಹಾಕ್ಬಾರ್ದು.”

ದಿನಾ ಜಗಳ ಯಾಕೆ ಎಂದು ಹಾಕಿದೆ. ಹಾಕಿದ ಮರುವಾರವೇ ನಮ್ಮ ಇನ್ನೊಂದು ಯುನಿಕ್ಸ್ ಯಂತ್ರಕ್ಕೆ ಅದನ್ನು ಮಾರಿದ ಕಂಪನಿಯ ಎಂಜಿನಿಯರ್ ಬಂದು ಸಿಸ್ಟಂಗೆ ಹೊಸ ತಿದ್ದುಪಡಿಗಳನ್ನು ಸೇರಿಸಿ ಹೋದರು. ಹೆಸರು ಅದೇ. ಆದರೆ ಅಕ್ಷರ ಜೋಡಿಸುವ ಆ ಫಂಕ್ಷನ್ ಮೊದಲಿನಂತೆ ನಡೆದುಕೊಳ್ಳುವುದನ್ನು ಬಿಟ್ಟಿತ್ತು. ನಮ್ಮ ಸ್ಕ್ರಿಪ್ಟ್ ಹೆಸರು ನೋಡಿ, ಗೊತ್ತಿರುವವರು ಎಂದು ಏನನ್ನೂ ಕೇಳದೆ ಒಳಗೆ ಬಿಟ್ಟಿತು. ವರದಿಗಳು ಅರ್ಧಕ್ಕೇ ಕತ್ತರಿಸಿಕೊಂಡು ಮುದ್ರಣವಾದವು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಲಿನಕ್ಸ್ ಪ್ರತಿಯ ಯಜಮಾನ ಎದುರಿಗಿದ್ದ. ಅವನೊಬ್ಬನೇ ಆಫೀಸಿನಲ್ಲಿ ನನಗೆ ಗೆಳೆಯ ಅನ್ನಿಸಿಕೊಳ್ಳುವಂಥವನು. ಜರಗನಹಳ್ಳಿಯವನು, ಅದಿನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಅಪ್ಪ ಜಮೀನಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು.

“ನಮ್ಮಪ್ಪ ನಿನ್ನ ಸ್ಕ್ರಿಪ್ಟ್‌ಗಿಂತ ಸಖತ್ ಫಾಸ್ಟ್ ಗುರು. ಹೆಸರು, ಊರು, ಎರಡೇ ಕೇಳೋದು. ಮನೆ ಕೊಡ್ಬೇಕೋ ಬೇಡ್ವೋ ಅಲ್ಲೇ ಮುಗೀತು,” ಎಂದ.

“ಬಿಟಿಎಂನಾಗ ನನಗೂ ಹಂಗ ಎಷ್ಟು ಮಂದಿ ಬಾಗಲಾ ಹಾಕ್ಯಾರ ಗೊತ್ತೇನು? ಊರ ಹೆಸರು ಹೇಳೂದ್ರಾಗ ಮನಿ ಖಾಲಿ ಇಲ್ಲ ಅಂತಿದ್ರು. ನಾ ಹೆಂಗ ಇರತೀನಿ ಅಂತ ಯಾರೂ ಕೇಳಲಿಲ್ಲ.”

ಅವನು ಅನ್ನ ಕಲಸಿದ. “ಇರಕ್ಕೆ ಬಿಡ್ದೆ ಹೆಂಗಿರ್ತಾರೆ ಅಂತ ಹೇಗೆ ಗೊತ್ತಾಗುತ್ತೆ ಮತ್ತೆ?” ಎಂದ.

“ಅದನ್ನ ನಿಮ್ಮಪ್ಪಗ ಕೇಳು,” ಎಂದು ಎದ್ದೆ.

ಕೈ ತೊಳೆದುಕೊಂಡು ಬಂದವಳೇ ಹೆಸರು ಕೇಳುವ ಸಾಲುಗಳನ್ನೆಲ್ಲ ಕಿತ್ತು ಹಾಕಿದೆ. ಒಂದನ್ನೂ ಉಳಿಸಲಿಲ್ಲ. ಗುಟ್ಟಾಗಿ ಮಾಡಿದರೆ ಹೇಡಿತನವಾಗುತ್ತದೆಂದು ಮುಖ್ಯಸ್ಥರ ಮೇಜಿನ ಹತ್ತಿರ ಹೋಗಿ ಹೇಳಿದೆ.

“ಸರ, ಹೆಸರು ಕೇಳೂದು ತಗದು ಹಾಕೀನ್ರಿ.”

“ಗೊತ್ತಿಲ್ಲದ ಮಷೀನ್ ಬಂದ್ರೆ?”

“ಗೊತ್ತಿರೂದು, ಗೊತ್ತಿಲ್ಲದ್ದು, ಎಲ್ಲಾದಕ್ಕೂ ಒಂದೇ ಪ್ರಶ್ನೆ. ಉತ್ತರಾ ಅದೇ ಕೊಡಬೇಕ್ರಿ.”

“ನಾನು ಒಪ್ಪಲ್ಲ.”

“ನೀವು ಒಪ್ಪಿದ್ರಿ ಅಂತ ನಾ ಎಲ್ಲೂ ಹೇಳಂಗಿಲ್ಲ್ರಿ,” ಎಂದು ವಾಪಸ್ ಬಂದೆ.

ಈಗ ಕಟ್ಟುವ ವಿಷಯ ಹೇಳಬೇಕು. ಗ್ರಾಹಕರಿಗೆ ಹೋಗುವ ಸಿಡಿಯನ್ನು ನಮ್ಮಲ್ಲಿ ಶುಕ್ರವಾರವೇ ಮಾಡುತ್ತಿದ್ದರು. ಪ್ರೋಗ್ರಾಮನ್ನು ಮೊದಲಿನಿಂದ ತಯಾರಿಸಿ, ಒಂದು ಸಲ ಓಡಿಸಿ, ಮುದ್ರಣವಾದ ವರದಿಯನ್ನು ದೇವರ ಪಟದ ಮುಂದಿಟ್ಟು ಊದಿನಕಡ್ಡಿ ಹಚ್ಚಿ, ಆಮೇಲೆ ಆ ಫೋಲ್ಡರನ್ನು ಇದ್ದ ಹಾಗೇ ಕಟ್ಟಿ ಸಿಡಿಗೆ ಹಾಕುವುದು. ಹಿಂದೊಮ್ಮೆ ಅರೆಬರೆ ಫೋಲ್ಡರ್ ಗ್ರಾಹಕರಿಗೆ ಹೋಗಿ ಮಾನ ಹೋಗಿತ್ತಂತೆ. ಅಂದಿನಿಂದ ‘ಓಡಿದ್ದನ್ನೇ ಕಟ್ಟು’ ಎಂದು ಮುಖ್ಯಸ್ಥರು ನಿಯಮ ಮಾಡಿದ್ದರು. ಕಟ್ಟುವವನು ನನ್ನ ಜರಗನಹಳ್ಳಿ ಗೆಳೆಯನೇ. ಈ ಸಲ ಕಾರ್ಖಾನೆಯ ಯಂತ್ರ ಬೇರೆಯಾದ್ದರಿಂದ ನಮ್ಮಲ್ಲಿ ಕಂಪೈಲ್ ಆದ ತುಂಡುಗಳನ್ನಷ್ಟೇ ತೆಗೆದು ಹಾಕಿ, ಉಳಿದದ್ದನ್ನು ನಿಯಮದಂತೆ ಕಟ್ಟಿ, ಸಿಡಿಯ ಮೇಲೆ ಅರಿಶಿನ ಸೋಕಿಸಿ ನನ್ನ ಕೈಗೆ ಕೊಟ್ಟ.

ಸೋಮವಾರ ಮುಖ್ಯಸ್ಥರೂ ನಾನೂ ಕಾರ್ಖಾನೆಗೆ ಹೋದೆವು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಗುಣಮಟ್ಟ ವಿಭಾಗದ ಮೇಲ್ವಿಚಾರಕರು, ತಲೆ ನರೆತವರು, ನಮಗಾಗಿ ಕಾಯುತ್ತಿದ್ದರು. ಕೈಯಲ್ಲಿ ಒಂದು ಉಕ್ಕಿನ ಶಾಫ್ಟ್ ಇತ್ತು. ಇರಬೇಕಾದ ಅಳತೆಗಿಂತ ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು, ಕಡಿಮೆಯಿದೆ ಎಂದು ತಾವೇ ಅಳೆದು ನೋಡಿ, ಪರೀಕ್ಷೆಗೆಂದೇ ಇಟ್ಟುಕೊಂಡದ್ದು. ನಮ್ಮ ಪ್ರೋಗ್ರಾಂ ಓಡಬೇಕಾದ ಯಂತ್ರ ಬೀರುವಿನಷ್ಟು ದೊಡ್ಡದು. ಅದರ ಮೇಲೆ ಅಂಟಿಸಿದ್ದ ಹೆಸರನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಸಿಡಿಯಲ್ಲಿದ್ದದ್ದನ್ನು ಇಳಿಸಿ ಸ್ಕ್ರಿಪ್ಟ್ ಓಡಿಸಿದೆ. ಸಾಲುಗಳು ಸರಸರನೆ ಮೇಲೇರಿ ಮುಗಿದವು.

“ಪರವಾಗಿಲ್ವೇ,” ಎಂದರು ಮುಖ್ಯಸ್ಥರು. ಅವರ ಬಾಯಿಂದ ಅಂಥ ಮಾತು ಅದೇ ಮೊದಲು.

ಪ್ರೋಗ್ರಾಂ ತಯಾರಾಯಿತು. ಮೇಲ್ವಿಚಾರಕರು ಶಾಫ್ಟನ್ನು ಅಳೆಯುವ ಯಂತ್ರದಲ್ಲಿಟ್ಟರು. ಪ್ರಿಂಟರ್ ಕಿರ್ರೆಂದು ವರದಿ ಕೊಟ್ಟಿತು. ಇರಬೇಕಾದ್ದಕ್ಕಿಂತ 253 ಮೈಕ್ರಾನ್ ಹೆಚ್ಚು.

ಅವರು ಕಾಗದವನ್ನು ನೋಡಿ, ಶಾಫ್ಟನ್ನು ನೋಡಿ, ನನ್ನನ್ನು ನೋಡಿದರು. “ಮೇಡಂ, ಇಷ್ಟು ದಪ್ಪ ಇದ್ರೆ ಇದು ಬೇರಿಂಗ್ ಒಳಗೇ ಹೋಗಲ್ಲ. ಬೆಳಗ್ಗೆ ನಾನೇ ಕೈಯಲ್ಲಿ ಹಾಕಿ ತೆಗ್ದಿದೀನಿ.”

ಮುಖ್ಯಸ್ಥರು ಆಗಲೇ ಎದ್ದು ನಿಂತಿದ್ದರು. “ಸಾರಿ ಸಾರ್. ಇದು ಹೊಸ ಪ್ರಯೋಗ. ನಿಮ್ಮ ಮಷೀನಿಗೇ ಅಂತ ಬೇರೆ ಪ್ರತಿ ಮಾಡ್ಕೊಂಡು ಬರ್ತೀವಿ, ಸ್ವಲ್ಪ ಟೈಮ್ ಕೊಡಿ.” ನನ್ನ ಕಡೆ ತಿರುಗಿ, “ಸಿಡಿ ತೆಗಿ. ಹೊರಡೋಣ,” ಎಂದರು.

“ತೆಗ್ಯಂಗಿಲ್ಲ್ರಿ.”

“ಏನಂದೆ?”

“ತೆಗ್ಯಂಗಿಲ್ಲ ಅಂದೆ ಸರ. ಯಾಕ್ ಹಿಂಗಾತು ಅಂತ ನೋಡದ ನಾ ಇಲ್ಲಿಂದ ಏಳಂಗಿಲ್ಲ.”

ಮೇಲ್ವಿಚಾರಕರು ಗೋಡೆಯ ಗಡಿಯಾರ ನೋಡಿದರು. “ಶಿಫ್ಟ್ ಮುಗಿಯೋವರ್ಗೂ ಕೂತ್ಕೊಳ್ಳಿ ಮೇಡಂ. ಸೈರನ್ ಆದ್ಮೇಲೆ ರೂಮಿಗೆ ಬೀಗ ಹಾಕ್ಲೇಬೇಕು, ಅದು ನನ್ನ ಕೈಲಿಲ್ಲ.”

ಕೂತೆ. 253 ಎಲ್ಲಿಂದ ಬಂತು ಎಂಬುದು ಕಷ್ಟದ ಲೆಕ್ಕವಲ್ಲ. ನಾವು ಈ ಹೆಚ್ಚುಕಡಿಮೆಯ ಅಳತೆಯನ್ನು ಒಂದೇ ಬೈಟಿನಲ್ಲಿ, ಒಟ್ಟು 256 ಸಂಖ್ಯೆಗಳಷ್ಟೇ ಹಿಡಿಸುವ ಜಾಗದಲ್ಲಿ, ಇಡುತ್ತಿದ್ದೆವು. ಆ ಬೈಟು ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನೂ ಇಟ್ಟುಕೊಳ್ಳಬಲ್ಲದೋ ಇಲ್ಲವೋ ಎಂಬುದನ್ನು ಸಿ ಭಾಷೆ ಆಯಾ ಯಂತ್ರದವರಿಗೇ ಬಿಟ್ಟುಕೊಟ್ಟಿದೆ. ಇಟ್ಟುಕೊಳ್ಳಲಾಗದ ಯಂತ್ರದಲ್ಲಿ ಸೊನ್ನೆಗಿಂತ ಮೂರು ಕೆಳಗೆ ಎಂದರೆ 256ರಿಂದ ಮೂರು ಕಳೆದು 253 ಆಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಸ್ಕ್ರಿಪ್ಟಿನಲ್ಲಿ ಅದಕ್ಕೆಂದೇ ಒಂದು ಪ್ರಶ್ನೆ ಇಟ್ಟಿದ್ದೆ. ಹಾಗಿದ್ದರೆ ಈ ಯಂತ್ರ ‘ಆಗುವುದಿಲ್ಲ’ ಎಂದು ಹೇಳಿರಬೇಕಲ್ಲ?

ಪರದೆಯನ್ನು ಹಿಂದಕ್ಕೆ ಸರಿಸಿ ಆ ಸಾಲನ್ನು ಹುಡುಕಿದೆ. ‘ಆಗುತ್ತದೆ’ ಎಂದಿತ್ತು. ಅದರ ಮುಂದೆ ಚಿಕ್ಕದಾಗಿ, ‘ಮೊದಲೇ ಗೊತ್ತಿದೆ’. ಮೇಲಿನ ಸಾಲು ನೋಡಿದೆ, ಅಲ್ಲೂ ಮೊದಲೇ ಗೊತ್ತಿದೆ. ಎಲ್ಲ ಸಾಲಿಗೂ ಅದೇ. ಸರಸರನೆ ಮುಗಿದದ್ದು ಅದಕ್ಕೆ. ಇಷ್ಟು ಹಳೆಯ ಯಂತ್ರ ಅಷ್ಟು ಬೇಗ ಉತ್ತರಿಸಲು ಸಾಧ್ಯವೇ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಶುಕ್ರವಾರ ಓಡಿಸಿದಾಗ ಲಿನಕ್ಸ್ ಯಂತ್ರ ಕೊಟ್ಟಿದ್ದ ಉತ್ತರಗಳ ಫೈಲು, ಇದ್ದ ಹಾಗೇ ಕಟ್ಟಬೇಕೆಂಬ ನಿಯಮದಿಂದಾಗಿ, ಸಿಡಿಯೊಳಗೆ ಕೂತು ಅರಿಶಿನ ಹಚ್ಚಿಸಿಕೊಂಡು ಬಂದುಬಿಟ್ಟಿತ್ತು. ಎದುರಿಗಿದ್ದ ಯಂತ್ರವನ್ನು ನಾವು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಇನ್ನೊಬ್ಬರ ಉತ್ತರವನ್ನು ಇದರ ಬಾಯಿಗೆ ತುರುಕಿ, ಆಮೇಲೆ ತಪ್ಪು ಹೇಳಿತು ಎಂದು ಇದನ್ನೇ ಬೈಯುತ್ತಿದ್ದೆವು. ನನಗೆ ಸಿಟ್ಟೂ ಬಂತು, ಹೋದ ಜೀವ ಬಂದಂತೆಯೂ ಆಯಿತು.

“ಸರ, ನಮ್ಮ ಆಫೀಸಿನ ಉತ್ತರಾ ಕಟ್ಟಿ ತಂದೀವ್ರಿ. ಅದನ್ನ ಅಳಸ್ತೀನಿ.”

ಮುಖ್ಯಸ್ಥರು ಬಗ್ಗಿ ನೋಡಿದರು. “ಓಡಿದ್ದನ್ನೇ ಕಟ್ಬೇಕು ಅಂತ ರೂಲ್ ಮಾಡಿದ್ದು ನಾನೇ. ಇಷ್ಟು ವರ್ಷ ಅದ್ರಿಂದ ಏನೂ ತೊಂದ್ರೆ ಆಗಿಲ್ಲ.”

“ಐದು ಪ್ರತಿ ಇದ್ದಾಗ ಅದು ಸರೀನ ಇತ್ರಿ. ಒಂದೇ ಇದ್ದಾಗ ಸರಿ ಅಲ್ಲ.”

ಅಳಿಸಿದೆ. ಮತ್ತೆ ಓಡಿಸಿದೆ. ಈಗ ಒಂದೊಂದು ಸಾಲೂ ನಿಂತು ನಿಂತು ಬಂತು. ಯಂತ್ರದ ಹೊಟ್ಟೆಯೊಳಗೆ ಡಿಸ್ಕು ಕರಕರ ಅನ್ನುವುದು, ಸುಮ್ಮನಾಗುವುದು, ಆಮೇಲೆ ಉತ್ತರ. ಮೇಲ್ವಿಚಾರಕರು ಸ್ಟೂಲು ಎಳೆದುಕೊಂಡು ಕೂತು ಪರದೆಯನ್ನೇ ನೋಡತೊಡಗಿದರು. ಮುಖ್ಯಸ್ಥರು ನಿಂತೇ ಇದ್ದರು.

ಬೈಟಿನ ಪ್ರಶ್ನೆ ಬಂತು. ಉತ್ತರ: ಆಗುವುದಿಲ್ಲ. ನಾನು ಮುಷ್ಟಿ ಬಿಗಿಹಿಡಿದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ. ಈ ಬೈಟು ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನೂ ಇಟ್ಟುಕೊಳ್ಳಲಿ ಎಂದು ಹೇಳುವುದಕ್ಕೆ ಸಿ ಭಾಷೆಯಲ್ಲಿ ಒಂದು ಪದವಿದೆ, ಆ ಪದ ನಿನಗೆ ಗೊತ್ತೇ ಎಂದು ಕಂಪೈಲರನ್ನು ಕೇಳುವುದು. ಈ ಕಂಪೈಲರ್ ಆ ಪದಕ್ಕಿಂತ ಹಳೆಯದು. ಪರದೆಯ ತುಂಬ ದೋಷದ ಸಂದೇಶಗಳು ಸುರಿದವು.

“ನಿಂತ್ಹೋಯ್ತು ನೋಡು,” ಎಂದರು ಮುಖ್ಯಸ್ಥರು.

“ನಿಂತಿಲ್ಲ್ರಿ. ಗೊತ್ತಿಲ್ಲ ಅಂತ ಹೇಳಾಕತ್ತೈತಿ. ಅದೂ ಉತ್ತರಾನ.”

ಸ್ಕ್ರಿಪ್ಟ್ ‘ಗೊತ್ತಿಲ್ಲ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಯಿತು. ಎರಡೂ ಇಲ್ಲದ ಯಂತ್ರಕ್ಕೆ ನಾನು ಮೂರನೆಯ ದಾರಿ ಬರೆದಿಟ್ಟಿದ್ದೆ. ಬೈಟನ್ನು ದೊಡ್ಡ ಸಂಖ್ಯೆಯಾಗಿ ಓದಿ, ಅರ್ಧಕ್ಕಿಂತ ಮೇಲಿದ್ದರೆ 256 ಕಳೆಯುವುದು. ಬರೆಯುವಾಗ ಇಂಥ ಯಂತ್ರ ಎಲ್ಲಾದರೂ ಇರುತ್ತದೆಯೇ ಎಂದು ನನಗೇ ಅನುಮಾನವಿತ್ತು. ಇತ್ತು. ಹುಳಿಮಾವಿನ ಆಚೆ ಇತ್ತು.

ಪ್ರೋಗ್ರಾಂ ಇನ್ನೂ ಕಂಪೈಲ್ ಆಗುತ್ತಿರುವಾಗಲೇ ಸೈರನ್ ಕೂಗಿತು. ಹೊರಗೆ ಜನ ಬಸ್ಸುಗಳ ಕಡೆ ಹೊರಟ ಸದ್ದು. ಬಾಗಿಲಲ್ಲಿ ಸೆಕ್ಯುರಿಟಿಯವರು ಬೀಗ ಹಿಡಿದು ಬಂದು ನಿಂತರು. ನಾನು ಕುರ್ಚಿಯಿಂದ ಏಳಲಿಲ್ಲ. ಎಬ್ಬಿಸುವುದಾದರೆ ಎಬ್ಬಿಸಲಿ ಎಂದು ಗಟ್ಟಿಯಾಗಿ ಕೂತಿದ್ದೆ. ಮೇಲ್ವಿಚಾರಕರು ಅವರ ಕಡೆ ಕೈಯೆತ್ತಿ, “ಇರಪ್ಪ, ಅದು ಇನ್ನೂ ಉತ್ತರ ಹೇಳ್ತಾ ಇದೆ,” ಎಂದರು.

ಮುಗಿಯಿತು. ಶಾಫ್ಟನ್ನು ಅವರೇ ಇಟ್ಟರು. ಪ್ರಿಂಟರ್ ಕಿರ್ರೆಂದಿತು. ಮೂರು ಮೈಕ್ರಾನ್ ಕಡಿಮೆ.

ಅವರು ಹೊರಗೆ ಹೋಗಿ ಒಂದು ಟ್ರೇ ತುಂಬ ಶಾಫ್ಟ್ ತಂದರು. ಒಂದೊಂದಾಗಿ ಇಟ್ಟರು. ಕೆಲವು ಹೆಚ್ಚು, ಕೆಲವು ಕಡಿಮೆ, ಎಲ್ಲವೂ ಅವರು ಸೀಸದಕಡ್ಡಿಯಲ್ಲಿ ಗುರುತು ಹಾಕಿಕೊಂಡಿದ್ದ ಹಾಗೇ ಬಂದವು. “ಹಿಂದೆ ಬಂದಿದ್ದೋರೆಲ್ಲ ಈ ಮಷೀನ್ ಹೆಸರು ಕೇಳಿನೇ ಆಗಲ್ಲ ಅಂದ್ಬಿಟ್ಟಿದ್ರು ಮೇಡಂ. ಕೊಟ್ಬಿಡಿ, ನಮಗೆ ಒಪ್ಗೆ,” ಎಂದು ಮುಖ್ಯಸ್ಥರ ಕೈ ಕುಲುಕಿದರು. ಮುಖ್ಯಸ್ಥರು ಕುಲುಕಿಸಿಕೊಂಡರು.

ಮಾಲೀಕರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಐದು ಪ್ರತಿಗಳೂ ಒಂದೇ ಮೂಲದೊಳಗೆ ಸೇರಿದವು. ಪ್ರತಿಯೊಂದರಲ್ಲೂ ಉಳಿದವಕ್ಕೆ ಹೋಗದೆ ಉಳಿದಿದ್ದ ತಿದ್ದುಪಡಿಗಳು ಸಿಕ್ಕವು, ಒಂದೊಂದು ಸಿಕ್ಕಾಗಲೂ ನಾನು ಎಲ್ಲರಿಗೂ ಕೇಳಿಸುವಂತೆ ಓದುತ್ತಿದ್ದೆ. ಕಟ್ಟುವ ನಿಯಮವೂ ಬದಲಾಯಿತು. ಇನ್ನು ಮೇಲೆ ಕಟ್ಟುವ ಮೊದಲು ಉತ್ತರಗಳನ್ನು ಅಳಿಸಬೇಕು. ಊದಿನಕಡ್ಡಿಗೆ ಯಾರೂ ಅಡ್ಡಿ ಮಾಡಲಿಲ್ಲ. ತನ್ನ ಪ್ರತಿಯನ್ನು ಮೊದಲು ಅಳಿಸಿದವನು ಜರಗನಹಳ್ಳಿ ಗೆಳೆಯ. ಅಳಿಸಿ, ಖಾಲಿ ಪರದೆಯ ಮುಂದೆ ಕೂತು, “ಈಗ ನಾನು ಯಾವುದಕ್ಕೆ ಯಜಮಾನ ಗುರು? ನಾಳೆಯಿಂದ ನನ್ನನ್ನ ಯಾಕೆ ಇಟ್ಕೋಬೇಕು ಇವರು?” ಎಂದ. ತಮಾಷೆಗೆ ಕೇಳಿದ್ದಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಸ್ಕ್ರಿಪ್ಟ್ ತೆರೆದೆ. ಮುಂದಿನ ಹಲವು ಪ್ರಶ್ನೆಗಳನ್ನು ಬರೆದವನು ಅವನೇ, ಮತ್ತು ನನಗಿಂತ ಚೆನ್ನಾಗಿ ಬರೆದ.

ಉಳಿದ ಮೂವರೂ ಗೊಣಗಿಕೊಂಡೇ ಅಳಿಸಿದರು. ಮುಖ್ಯಸ್ಥರು ಮಾತ್ರ ಅಳಿಸಲಿಲ್ಲ. ದೊಡ್ಡ ಯುನಿಕ್ಸ್ ಯಂತ್ರದಲ್ಲಿ ಅವರ ಪ್ರತಿ ಹಾಗೇ ಇತ್ತು, ತಮ್ಮ ಹಳೆಯ ಗ್ರಾಹಕರಿಗೆ ಅದನ್ನೇ ಕಳಿಸುತ್ತಿದ್ದರು. ನಾನು ಅಳಿಸಿ ಎಂದು ಕೇಳಲಿಲ್ಲ, ಮಾಲೀಕರ ಹತ್ತಿರ ದೂರನ್ನೂ ಹೇಳಲಿಲ್ಲ. ಮೂಲ ದಿನದಿನಕ್ಕೆ ಮುಂದೆ ಹೋಯಿತು. ಅವರ ಪ್ರತಿ ಇದ್ದಲ್ಲೇ ಇತ್ತು.

ನನ್ನ ಪ್ರೊಬೇಷನ್ ಮುಗಿದು ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಒಂದು ವರದಿ ಇತ್ತು, ಅದರಲ್ಲೊಂದು ತಪ್ಪು ಅಳತೆಗೆ ಸುತ್ತು ಹಾಕಿದ್ದರು.

“ಇದನ್ನ ನೀವು ಆಗಲೇ ಸರಿ ಮಾಡಿದೀರಂತೆ. ನನ್ನ ಪ್ರತೀಲಿ ಹಾಗೇ ಇದೆ. ಅದನ್ನ ಇದಕ್ಕೂ ಹೊತ್ತು ಹಾಕ್ಬಿಡಮ್ಮ.”

ಹತ್ತು ನಿಮಿಷದ ಕೆಲಸ. ಹಿರಿಯರು, ತಾವಾಗಿ ಬಂದು ಕೇಳಿದ್ದಾರೆ, ಮಾಡಿಕೊಟ್ಟುಬಿಡು ಎಂದು ಒಂದು ಕ್ಷಣ ಮನಸ್ಸು ಹೇಳಿತು. ನಾನು ಎದ್ದು ನಿಂತೆ.

“ನಾ ಹೊರೂದು ಬಿಟ್ಟೀನ್ರಿ ಸರ. ಮೂಲ ಒಂದೇ ಐತಿ, ಅದನ್ನ ತಗೋರಿ.”

ಅವರು ವರದಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ತಮ್ಮ ಜಾಗಕ್ಕೆ ಹೋಗಿ ಕೂತರು. ಆಮೇಲೆ ಒಂದೊಂದೇ ಕೀ ಒತ್ತುವ ಸದ್ದು ಕೇಳಿಸಿತು, ಅದರ ಹಿಂದೆಯೇ ದೊಡ್ಡ ಯಂತ್ರದ ಡಿಸ್ಕು ಕರಕರ ಅನ್ನತೊಡಗಿತು. ಸ್ಕ್ರಿಪ್ಟ್ ಅದನ್ನು ಮೊದಲನೆಯ ಪ್ರಶ್ನೆ ಕೇಳುತ್ತಿತ್ತು.